ತೆಗೆದದ್ದು ಜೀನ್ ಅಲ್ಲ, ತೆರೆದದ್ದು ವಾಲ್

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ತಂದೆತಾಯಿಯಿಂದ ಬರುವ ರಕ್ತದ ರೋಗ ಥಲಸ್ಸೇಮಿಯಾಕ್ಕೆ ನೀವು ಅರ್ಧ ಪುಟ ಕೊಟ್ಟಿದ್ದೀರಿ. ಖುಷಿಯಾಯಿತು. ನಮ್ಮ ಕಡೆ ಈ ರೋಗದ ಹೆಸರು ಪೇಪರಿನಲ್ಲಿ ಕಾಣುವುದೇ ಅಪರೂಪ. ಆದರೆ ನಡುವೆ ಬಾಕ್ಸ್ ಮಾಡಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಹಾಕಿದ್ದೀರಿ: ‘ರೋಗಿಯ ಕೆಟ್ಟ ಜೀನ್ ತೆಗೆದು ಒಳ್ಳೆಯ ಜೀನ್ ಜೋಡಿಸುವ ಹೊಸ ಚಿಕಿತ್ಸೆ’. ಆ ಸಾಲು ತಪ್ಪು. ನೀವು ಬರೆದ ಕ್ಯಾಸ್‌ಜೆವಿ ಅನ್ನುವ ಚಿಕಿತ್ಸೆಯಲ್ಲಿ ಕೆಟ್ಟ ಜೀನನ್ನು ಯಾರೂ ತೆಗೆಯುವುದಿಲ್ಲ, ಮುಟ್ಟುವುದೂ ಇಲ್ಲ. ಸುಮ್ನೆ ತಪ್ಪು ಹುಡುಕಲು ಕುಳಿತವಳಲ್ಲ ನಾನು. ಈ ಒಂದು ಸಾಲು ನಮ್ಮ ಮನೆ ಬಾಗಿಲಿಗೆ ಏನು ತಂದಿತು ಅಂತ ಹೇಳುತ್ತೇನೆ, ಕೇಳಿ.

1986ರಿಂದ 2020ರವರೆಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಪ್ರೊಫೆಸರ್ ಅಲ್ಲ, ಸೂಜಿ ಚುಚ್ಚಿ ರಕ್ತ ತೆಗೆಯುವವಳು. ಧಾರವಾಡದ ಮಾಳಮಡ್ಡಿಯಿಂದ ದಿನಾ ಬಸ್ಸು. ಕೊನೆಯ ಎರಡು ವರ್ಷ ಮಾತ್ರ ಚಿಗರಿ ಬಸ್ಸಿನ ಸುಖ ಸಿಕ್ಕಿತು. ಈಗ ಮನೆಯಲ್ಲೇ ಇದ್ದೇನೆ. ತಂಗಿಯ ಮಗಳು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಮನೆಯಲ್ಲಿದ್ದಳು. ಅವಳ ಪುಸ್ತಕ ನಾನೂ ಓದಿದೆ. ಅವಳು ಪರೀಕ್ಷೆ ಬರೆದು ಮರೆತಳು, ನಾನು ಮರೆಯಲಿಲ್ಲ. ಯಾಕೆ ಅಂದರೆ 34 ವರ್ಷ ಕಣ್ಣೆದುರು ಕಂಡದ್ದಕ್ಕೆ ಅದರಲ್ಲಿ ಕಾರಣ ಇತ್ತು.

ಸೋಮವಾರ ಬೆಳಿಗ್ಗೆ ನಮ್ಮ ಹಾಲಿನಾಕೆ ಬಂದಳು. ಕಮಲಾಪುರದವಳು. ಎರಡು ಎಮ್ಮೆ, ಎರಡು ಎಕರೆ ಹೊಲ. ಹಾಲು ಅಳೆದು ಕೊಟ್ಟವಳು ಹೋಗಲಿಲ್ಲ. ಸೆರಗಿನ ತುದಿ ಬಿಚ್ಚಿ ಮಡಚಿದ ಪೇಪರ್ ತುಂಡು ತೆಗೆದಳು. ನಿಮ್ಮದೇ ಪುರವಣಿ.

“ಅಕ್ಕಾರ, ಇದನ್ನಷ್ಟು ಓದಿ ಹೇಳ್ರಿ. ನಮ್ಮ ಹುಡುಗನ ಕೆಟ್ಟ ಜೀನ ತಗದು ಚಲೋದು ಹಾಕ್ತಾರಂತಲ್ರೀ. ಖರೇ ಏನ್ರೀ? ಹೊಲ ಮಾರಿದ್ರ ಸಾಲತೈತೇನ್ರೀ?”

ಹುಡುಗ ಅಂದರೆ ಅವಳ ಮೊಮ್ಮಗ, ಮಗಳ ಮಗ. ಆರು ವರ್ಷ. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ರಕ್ತ ಹಾಕಿಸುತ್ತಾರೆ. ರಕ್ತದ ಜೊತೆ ಮೈಗೆ ಕಬ್ಬಿಣವೂ ಸೇರುತ್ತಾ ಹೋಗುತ್ತದೆ. ಅದು ಹೃದಯ, ಲಿವರ್‌ಗಳಲ್ಲಿ ಕೂರಬಾರದು ಅಂತ ದಿನಾ ಇನ್ನೊಂದು ಗುಳಿಗೆ. ಮಗಳನ್ನು ಕೊಟ್ಟದ್ದು ಸ್ವಂತ ತಮ್ಮನಿಗೆ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದೇನಲ್ಲ ಅಲ್ವಾ.

ಆಮೇಲೆ ಇನ್ನೊಂದು ಮಾತು ಹೇಳಿದಳು. “ಕೆಟ್ಟದ್ದು ಅಂತ ಪೇಪರ್‌ನ್ಯಾಗ ಬರದಾರ ನೋಡ್ರಿ, ಅದು ಯಾರ ಕಡಿಂದ ಬಂತು ಅಂತ ರಾತ್ರಿಯೆಲ್ಲಾ ಮನ್ಯಾಗ ಜಗಳ.” ಹುಡುಗನ ತಾಯಿ ಅವಳ ಮಗಳು, ತಂದೆ ಅವಳ ತಮ್ಮ. ಯಾರ ಕಡೆಗೆ ಬೆರಳು ತೋರಿಸಿದರೂ ಅದು ತಿರುಗಿ ಅವಳಿಗೇ ಬರುತ್ತದೆ.

ನಿಮ್ಮ ಲೇಖನ ಬರೆದವರಿಗೆ ಅದು ಒಂದು ಸಾಲು. ಅವಳಿಗೆ ಎರಡು ಎಕರೆ.

ಅವಳನ್ನು ಕೂರಿಸಿ ಚಹಾ ಕೊಟ್ಟು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಸ್ವಲ್ಪ ಹೆಚ್ಚು ಬರೆಯುತ್ತೇನೆ. ಜಾಗ ಸಾಲದಿದ್ದರೆ ನನ್ನ ಬಸ್ಸಿನ ಸುದ್ದಿ ಕತ್ತರಿಸಿ, ಮುಂದಿನದನ್ನು ಕತ್ತರಿಸಬೇಡಿ.

1989ರ ಮಳೆಗಾಲ, ನನಗೆ ರಾತ್ರಿ ಪಾಳಿ. ಹುಟ್ಟಿ ಎರಡು ದಿನದ ಕೂಸು ರಕ್ತ ವಾಂತಿ ಮಾಡಿತು ಅಂತ ಮೇಲಿನ ವಾರ್ಡಿನಿಂದ ಬಟ್ಟೆ ಸಮೇತ ಕಳಿಸಿದರು. ಕೂಸಿನ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯಾ, ಅಥವಾ ಹಾಲು ಕುಡಿಯುವಾಗ ತಾಯಿಯ ಮೊಲೆತೊಟ್ಟಿನ ಬಿರುಕಿನಿಂದ ಬಂದ ರಕ್ತವನ್ನೇ ನುಂಗಿದೆಯಾ? ಇದನ್ನು ಹೇಳಲು ಒಂದು ಹಳೆಯ, ಅಗ್ಗದ ಪರೀಕ್ಷೆ ಇದೆ. ಅಪ್ಟ್ ಟೆಸ್ಟ್ ಅನ್ನುತ್ತೇವೆ. ರಕ್ತವನ್ನು ನೀರಿನಲ್ಲಿ ಕದಡಿ, ಯಂತ್ರದಲ್ಲಿ ತಿರುಗಿಸಿ, ಮೇಲಿನ ಗುಲಾಬಿ ನೀರನ್ನು ತೆಗೆದುಕೊಳ್ಳಬೇಕು. ಅದಕ್ಕೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ ಬಿಟ್ಟು ಎರಡು ನಿಮಿಷ ಕಾಯಬೇಕು. ಪಕ್ಕದಲ್ಲಿ ತಾಳೆ ನೋಡಲು ಹೊಕ್ಕುಳಬಳ್ಳಿಯ ರಕ್ತ ಇಟ್ಟುಕೊಂಡೆ. ವಾಂತಿಯ ನಳಿಕೆ ಕಣ್ಣೆದುರೇ ಚಹಾದ ಬಣ್ಣಕ್ಕೆ ತಿರುಗಿತು. ಹೊಕ್ಕುಳಬಳ್ಳಿಯದು ಗುಲಾಬಿಯಾಗಿಯೇ ನಿಂತಿತು. ಅಂದರೆ ವಾಂತಿಯಲ್ಲಿದ್ದದ್ದು ತಾಯಿಯ ರಕ್ತ, ಕೂಸಿಗೆ ಏನೂ ಆಗಿಲ್ಲ. ಮೆಟ್ಟಿಲು ಹತ್ತಿ ಓಡಿ ಹೋಗಿ ಹೇಳಿದೆ.

ವಾಪಸ್ ಬಂದು ಆ ಗುಲಾಬಿ ನಳಿಕೆಯನ್ನು ಸಿಂಕಿಗೆ ಸುರಿಯಲು ಮನಸ್ಸಾಗಲಿಲ್ಲ. ಕೂಸಿನ ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ವಸ್ತು, ಕ್ಷಾರಕ್ಕೆ ಜಗ್ಗಲಿಲ್ಲ, ದೊಡ್ಡವರದು ಕೆಟ್ಟು ಬಣ್ಣ ಬದಲಿಸಿತು. ಎರಡೂ ಬೇರೆ ಬೇರೆ ವಸ್ತು. ಗರ್ಭದಲ್ಲಿರುವ ಕೂಸು ತಾಯಿಯ ರಕ್ತದಿಂದ ಆಮ್ಲಜನಕ ಎಳೆದುಕೊಳ್ಳಬೇಕು. ಅದಕ್ಕೆ ತಾಯಿಯದಕ್ಕಿಂತ ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಬೇಕು. ಹುಟ್ಟುವಾಗ ರಕ್ತದಲ್ಲಿ ನೂರಕ್ಕೆ ಸುಮಾರು 60ರಿಂದ 80 ಭಾಗ ಈ ಕೂಸಿನ ಬಗೆಯದೇ ಇರುತ್ತದೆ. ಆಮೇಲೆ ಇಳಿಯುತ್ತಾ ಹೋಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಒಂದೆರಡು ಭಾಗ ಉಳಿದರೆ ಹೆಚ್ಚು. ಇದು ನನಗೆ ಡಿಪ್ಲೊಮಾದಲ್ಲೇ ಕಲಿಸಿದ್ದರು. ಆದರೆ ಯಾರು ಇಳಿಸುತ್ತಾರೆ? ಯಾವ ಗಡಿಯಾರ ನೋಡಿ ಇಳಿಸುತ್ತಾರೆ? ಆ ರಾತ್ರಿ ಕೇಳಿದ್ದಕ್ಕೆ ನಮ್ಮ ಪೆಥಾಲಜಿ ಡಾಕ್ಟರರು “ಅದೊಂದು ಸ್ವಿಚ್” ಅಂದು ಮಲಗಲು ಹೋದರು.

ಸ್ವಿಚ್ ಅಂದರೆ ಏನು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಹಾಲಿನಾಕೆಗೆ ನಾನು ಹೇಳಿದ್ದು ಸ್ವಿಚ್ ಅಂತ ಅಲ್ಲ, ನಳದ ವಾಲ್ ಅಂತ. ಅವಳಿಗೂ ನನಗೂ ಅದೇ ಚೆನ್ನಾಗಿ ಗೊತ್ತು. ಸವದತ್ತಿ ಕಡೆಯ ಮಲಪ್ರಭೆಯ ನೀರು ಊರಿಗೆ ಬರುತ್ತದೆ. ಪೈಪು ಎಲ್ಲ ಓಣಿಗೂ ಇದೆ. ಆದರೆ ಎಲ್ಲ ಓಣಿಗೂ ಒಂದೇ ಸಲ ನಳ ಬರುವುದಿಲ್ಲ. ಉದ್ದನೆಯ ಕಬ್ಬಿಣದ ಚಾವಿ ಹಿಡಿದು ಒಬ್ಬ ಬರುತ್ತಾನೆ. ರಸ್ತೆಯ ಗುಂಡಿಯ ಮುಚ್ಚಳ ಎತ್ತಿ ತಿರುವುತ್ತಾನೆ. ಆಗ ನಮ್ಮ ಓಣಿಯಲ್ಲಿ ‘ನಳ ಬಂದಾವ’ ಅಂತ ಕೂಗು ಏಳುತ್ತದೆ. (ಇಪ್ಪತ್ನಾಲ್ಕು ತಾಸೂ ನೀರು ಬರುವ ವಾರ್ಡಿನ ಓದುಗರು ಈ ಪ್ಯಾರಾ ಬಿಟ್ಟು ಓದಬಹುದು. ನಿಮಗೆ ಇದು ತಿಳಿಯುವುದಿಲ್ಲ.)

ನಮ್ಮ ಮೈಯ ಬಹುತೇಕ ಎಲ್ಲ ಜೀವಕೋಶದಲ್ಲೂ ಅದೇ ಡಿಎನ್‌ಎ ಇದೆ. ಕಣ್ಣಿನಲ್ಲೂ ಅದೇ, ಉಗುರಿನ ಬುಡದಲ್ಲೂ ಅದೇ, ಎಲುಬಿನ ಮಜ್ಜೆಯಲ್ಲೂ ಅದೇ. ತಂದೆಯಿಂದ ಒಂದು ಸೆಟ್ಟು, ತಾಯಿಯಿಂದ ಒಂದು, ಒಂದೊಂದು ಸೆಟ್ಟಿಗೆ ಸುಮಾರು 300 ಕೋಟಿ ಅಕ್ಷರ. ಒಂದು ಪ್ರೋಟೀನ್ ಮಾಡುವ ಸೂಚನೆ ಇರುವ ಅಕ್ಷರದ ತುಂಡೇ ಜೀನ್. ಹಿಮೋಗ್ಲೋಬಿನ್ ಮಾಡುವ ಜೀನ್ ಕಣ್ಣಿನ ಕೋಶದಲ್ಲೂ ಇದೆ, ಆದರೆ ಅಲ್ಲಿ ಮುಚ್ಚಿದೆ. ಯಾವ ಕೋಶದಲ್ಲಿ ಯಾವ ಜೀನ್ ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು ಅಂತ ತಿರುವುವ ಕೆಲಸ ಸಣ್ಣ ಸಣ್ಣ ಪ್ರೋಟೀನುಗಳದ್ದು. ಅವಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನುತ್ತಾರೆ. ಹೆಸರು ದೊಡ್ಡದು, ವಸ್ತು ಸಣ್ಣದು.

ರಕ್ತದ ಮಟ್ಟಿಗೆ ಇವರಲ್ಲಿ ಹಿರಿಯ ಗಾಟಾ-1. ನಾನು ಆ ನಳಿಕೆ ಹಿಡಿದು ಕೂತ 1989ರಲ್ಲೇ ಅಮೆರಿಕದಲ್ಲಿ ಇದರ ಜೀನನ್ನು ಬೇರ್ಪಡಿಸಿದರು. 413 ಅಮೈನೊ ಆಮ್ಲದ ಮಣಿಗಳ ಒಂದು ಸರಪಳಿ, ಅಷ್ಟೇ. ಅದರಲ್ಲಿ ಎರಡು ಕಡೆ ಸತುವಿನ ಪರಮಾಣುವೊಂದನ್ನು ಹಿಡಿದು ಮಡಚಿಕೊಂಡ ಬೆರಳಿನಂಥ ಭಾಗ ಇದೆ. ಡಿಎನ್‌ಎಯ ಉದ್ದಕ್ಕೂ ಹೋಗುತ್ತಾ ಜಿ-ಎ-ಟಿ-ಎ ಅನ್ನುವ ನಾಲ್ಕಕ್ಷರ, ಅದರ ಹಿಂದೆ ಮುಂದೆ ಒಂದೊಂದು ಸರಿಯಾದ ಅಕ್ಷರ ಇದ್ದಲ್ಲಿ ಆ ಬೆರಳು ಕೂರುತ್ತದೆ. ಹೆಸರೂ ಅದರಿಂದಲೇ. ಅಂಥ ಜಾಗ 300 ಕೋಟಿ ಅಕ್ಷರದಲ್ಲಿ ಲಕ್ಷಗಟ್ಟಲೆ ಇವೆ. ಆದರೆ ಗಾಟಾ-1 ನಿಜವಾಗಿ ಕೂರುವುದು ಅದರಲ್ಲಿ ಕೆಲವೇ ಕಡೆ. ಯಾಕೆ ಅಂದರೆ ಅದೊಂದೇ ಬಂದರೆ ಸಾಲದು. ಅಲ್ಲಿ ಡಿಎನ್‌ಎ ಬಿಚ್ಚಿಕೊಂಡಿರಬೇಕು, ಜೊತೆಗಾರರೂ ಇರಬೇಕು. ನಮ್ಮ ಓಣಿಯಲ್ಲೂ ಚಾವಿ ಹಿಡಿದವನೊಬ್ಬನೇ ಬಂದರೆ ಆಗುವುದಿಲ್ಲ, ಮುಚ್ಚಳ ಎತ್ತಲು ಇನ್ನೊಬ್ಬ ಬೇಕು.

ಆ ಜೊತೆಗಾರರಲ್ಲಿ ನನಗೆ ಇಷ್ಟವಾದದ್ದು ಎಲ್‌ಎಂಒ2. ಬರೀ 158 ಅಮೈನೊ ಆಮ್ಲದ್ದು. ಅದು ತಾನು ಡಿಎನ್‌ಎಯನ್ನು ಮುಟ್ಟುವುದೇ ಇಲ್ಲ. ಗಾಟಾ-1ರ ಒಂದು ಕೈ, ಇನ್ನೊಬ್ಬರ ಒಂದು ಕೈ ಹಿಡಿದು ಎಲ್ಲರನ್ನೂ ಒಂದೇ ಜಾಗದಲ್ಲಿ ನಿಲ್ಲಿಸುತ್ತದೆ. ಮದುವೆ ಮನೆಯಲ್ಲಿ ಏನೂ ಮಾಡದಂತೆ ಕಾಣುವ, ಆದರೆ ಇಲ್ಲದಿದ್ದರೆ ಏನೂ ನಡೆಯದ ಕಾಕಾ ಒಬ್ಬರು ಇರುತ್ತಾರಲ್ಲ, ಹಾಗೆ. ಇಲಿಗಳಲ್ಲಿ ಈ ಜೀನ್ ಇಲ್ಲದಂತೆ ಮಾಡಿ ನೋಡಿದ್ದಾರೆ. ರಕ್ತವೇ ಹುಟ್ಟಲಿಲ್ಲ, ಭ್ರೂಣ ಸತ್ತಿತು. ಜಾಸ್ತಿಯಾದರೂ ಕಷ್ಟವೇ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ, ರೋಗ ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಹೊರಗಿನಿಂದ ಒಂದು ಜೀನ್ ಸೇರಿಸಿದರು. ಕೆಲವು ಮಕ್ಕಳಲ್ಲಿ ಅದು ಹೋಗಿ ಎಲ್‌ಎಂಒ2 ಪಕ್ಕ ಕುಳಿತು ಅದನ್ನು ಬೇಡದಾಗ ತೆರೆದುಬಿಟ್ಟಿತು. ಆ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂತು. ಹೊಸ ಚಿಕಿತ್ಸೆಯ ಬಗ್ಗೆ ಬರೆಯುವಾಗ ಇಂಥದ್ದೂ ಒಂದು ಸಾಲು ಇರಲಿ.

ಒಂದು ಮಾತು ಮರೆತೆ. ಈ ತಿರುವಾಟವೆಲ್ಲ ಮಜ್ಜೆಯೊಳಗೇ ಮುಗಿದಿರುತ್ತದೆ. ಅಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣ ತಯಾರಾಗುತ್ತವೆ. ಹೊರಗೆ ಬರುವ ಮೊದಲು ಪ್ರತಿ ಕಣವೂ ತನ್ನ ನ್ಯೂಕ್ಲಿಯಸ್ಸನ್ನೇ ಕಳಚಿ ಎಸೆಯುತ್ತದೆ. ಜೀನ್ ಇಲ್ಲ, ವಾಲ್ ಇಲ್ಲ. ತುಂಬಿಸಿಕೊಂಡ ಹಿಮೋಗ್ಲೋಬಿನ್ ಹೊತ್ತು ಸುಮಾರು 120 ದಿನ ತಿರುಗಿ ಸಾಯುತ್ತದೆ. 34 ವರ್ಷ ಲೀಶ್‌ಮನ್ ಬಣ್ಣ ಹಾಕಿ, ಎಣ್ಣೆ ಹನಿ ಬಿಟ್ಟು ಮೈಕ್ರೊಸ್ಕೋಪಿನಲ್ಲಿ ನಾನು ನೋಡಿದ್ದು ತುಂಬಿಟ್ಟ ಕೊಡಗಳನ್ನು. ನೀರು ಬಿಟ್ಟವನು ಯಾವಾಗಲೋ ಹೋಗಿಯಾಗಿರುತ್ತಿತ್ತು.

ಈಗ ಹುಡುಗನ ವಿಷಯಕ್ಕೆ ಬರುತ್ತೇನೆ.

ಡಿಎನ್‌ಎಯ ಕಟ್ಟುಗಳಲ್ಲಿ, ಅಂದರೆ ಕ್ರೋಮೊಸೋಮುಗಳಲ್ಲಿ, 11ನೆಯದರಲ್ಲಿ ಹಿಮೋಗ್ಲೋಬಿನ್ನಿನ ಒಂದು ಭಾಗ ಮಾಡುವ ಜೀನುಗಳು ಸಾಲಾಗಿ ಇವೆ. ಚಂದ ಏನೆಂದರೆ, ಜೀವನದಲ್ಲಿ ಯಾವ ಕ್ರಮದಲ್ಲಿ ಬೇಕಾಗುತ್ತವೋ ಅದೇ ಕ್ರಮದಲ್ಲಿ ಜೋಡಿಸಿವೆ. ಮೊದಲು ಭ್ರೂಣದ ಆರಂಭದ ವಾರಗಳದ್ದು. ಆಮೇಲೆ ಗರ್ಭದ ಕೂಸಿನದು, ಅದಕ್ಕೆ ಗಾಮಾ ಅನ್ನುತ್ತಾರೆ, ಅದು ಎರಡಿವೆ. ಕೊನೆಗೆ ದೊಡ್ಡವರದು, ಅದು ಬೀಟಾ. ಈ ಸಾಲಿನಿಂದ ಸ್ವಲ್ಪ ದೂರದಲ್ಲಿ ಒಂದು ಜಾಗ ಇದೆ. ಅದು ನಮ್ಮ ಪಂಪ್‌ಹೌಸ್ ಇದ್ದ ಹಾಗೆ. ಡಿಎನ್‌ಎ ಬಾಗಿ, ಈ ಪಂಪ್‌ಹೌಸ್ ಯಾವ ಜೀನನ್ನು ತಾಗುತ್ತದೋ ಅದು ಜೋರಾಗಿ ಓಡುತ್ತದೆ. ಒಂದು ಹೊತ್ತಿಗೆ ಒಂದೇ ಓಣಿಗೆ ಒತ್ತಡ. ಗರ್ಭದಲ್ಲಿದ್ದಾಗ ಗಾಮಾ ಓಣಿಗೆ. ಹುಟ್ಟಿದ ಮೇಲೆ ಗಾಮಾ ಓಣಿಯ ವಾಲ್ ಮುಚ್ಚುತ್ತದೆ, ನೀರು ಬೀಟಾ ಓಣಿಗೆ ತಿರುಗುತ್ತದೆ.

ಬೀಟಾ ಥಲಸ್ಸೇಮಿಯಾ ಇರುವ ಮಗುವಿನಲ್ಲಿ ಬೀಟಾ ಓಣಿಯ ಪೈಪು ಒಡೆದಿದೆ. ಅದಕ್ಕೇ ಹುಟ್ಟಿದಾಗ ಮಗು ಚೆನ್ನಾಗಿರುತ್ತದೆ. ಆರು ತಿಂಗಳವರೆಗೂ ನಗುತ್ತದೆ, ಮಗುಚುತ್ತದೆ. ಗಾಮಾ ಮುಚ್ಚಿದ ಮೇಲೆ ಬಿಳಿಚಿಕೊಳ್ಳುತ್ತದೆ. “ಹಲ್ಲು ಬರೂ ಮುಂದ ದೃಷ್ಟಿ ಆತ್ರಿ” ಅಂತ ಎಷ್ಟು ಅಜ್ಜಿಯರು ಹೇಳಿದ್ದನ್ನು ನಾನು ಕೇಳಿಲ್ಲ! ದೃಷ್ಟಿ ಅಲ್ಲ ಯವ್ವಾ, ವಾಲ್ ಮುಚ್ಚಿತು.

ಅಂದರೆ ಆ ಹುಡುಗನಲ್ಲಿ ಗಾಮಾ ಜೀನ್ ಹಾಳಾಗಿಲ್ಲ. ಈಗಲೂ ಸರಿಯಾಗಿದೆ. ಅವನಲ್ಲೂ, ನನ್ನಲ್ಲೂ, ನಿಮ್ಮಲ್ಲೂ. ಮುಚ್ಚಿಟ್ಟಿದೆ ಅಷ್ಟೇ. ಅದನ್ನು ಮತ್ತೆ ತೆರೆದರೆ?

ಈ ಯೋಚನೆ ಹಳೆಯದು. 1948ರಲ್ಲೇ ನ್ಯೂಯಾರ್ಕಿನ ಮಕ್ಕಳ ಡಾಕ್ಟರ್ ಜಾನೆಟ್ ವಾಟ್ಸನ್ ಒಂದು ವಿಷಯ ಗಮನಿಸಿದ್ದರು. ಸಿಕಲ್ ಸೆಲ್ ಅನ್ನುವ ಇನ್ನೊಂದು ಹಿಮೋಗ್ಲೋಬಿನ್ ರೋಗ ಇರುವ ಮಕ್ಕಳಿಗೆ ಹುಟ್ಟಿದ ಮೊದಲ ತಿಂಗಳುಗಳಲ್ಲಿ ತೊಂದರೆ ಕಡಿಮೆ. ಕೂಸಿನ ಹಿಮೋಗ್ಲೋಬಿನ್ ಇನ್ನೂ ಇರುವುದೇ ಕಾರಣ ಇರಬೇಕು ಅಂದರು. ಕೆಲವು ಮನೆತನಗಳಲ್ಲಿ ದೊಡ್ಡವರಾದ ಮೇಲೂ ಕೂಸಿನ ಹಿಮೋಗ್ಲೋಬಿನ್ ನಿಲ್ಲುವುದೇ ಇಲ್ಲ, ಅವರು ಆರಾಮಾಗಿಯೇ ಇರುತ್ತಾರೆ ಅಂತಲೂ ಗೊತ್ತಿತ್ತು. ಆದರೆ ಮುಚ್ಚುವವರು ಯಾರು ಅನ್ನುವುದು ಅರವತ್ತು ವರ್ಷ ಸಿಗಲಿಲ್ಲ.

ಸಿಕ್ಕಿದ್ದು 2007-08ರಲ್ಲಿ. ಲಂಡನ್ನಿನಲ್ಲಿ ಸ್ವೀ ಲೇ ಥೈನ್ ಅವರ ತಂಡ, ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಇನ್ನೊಂದು ತಂಡ, ಸಾವಿರಾರು ಜನರ ಡಿಎನ್‌ಎ ತಾಳೆ ಹಾಕಿದವು. ಕೂಸಿನ ಹಿಮೋಗ್ಲೋಬಿನ್ ಹೆಚ್ಚು ಉಳಿದವರಲ್ಲಿ ಬೇರೆಯಾಗಿದ್ದದ್ದು 2ನೇ ಕ್ರೋಮೊಸೋಮಿನ ಒಂದು ಜೀನ್. ಹಿಮೋಗ್ಲೋಬಿನ್ ಇರುವುದು 11ರಲ್ಲಿ, ಇದು 2ರಲ್ಲಿ! ಹೆಸರು ಬಿಸಿಎಲ್11ಎ. 2008ರಲ್ಲಿ ಬೋಸ್ಟನ್ನಿನ ಸ್ಟುವರ್ಟ್ ಆರ್ಕಿನ್ ಮತ್ತು ಅವರ ಲ್ಯಾಬಿನ ವಿಜಯ್ ಶಂಕರನ್ ಮೊದಲಾದವರು ಇದೇ ಗಾಮಾದ ವಾಲ್ ಮುಚ್ಚುವವನು ಅಂತ ತೋರಿಸಿದರು. 1989ರಲ್ಲಿ ಗಾಟಾ-1 ಹಿಡಿದವರಲ್ಲೂ ಇದೇ ಆರ್ಕಿನ್ ಇದ್ದರು. ಗಾಮಾ ಜೀನ್ ಶುರುವಾಗುವ ಸ್ವಲ್ಪ ಮೊದಲು ಕೆಲವೇ ಅಕ್ಷರಗಳ ಒಂದು ಜಾಗ ಇದೆ. ಬಿಸಿಎಲ್11ಎ ಅಲ್ಲಿ ಕೂತು ಮುಚ್ಚುತ್ತದೆ. ಮೇಲೆ ಹೇಳಿದೆನಲ್ಲ, ಆರಾಮಾಗಿರುವ ಮನೆತನಗಳು? ಅವರಲ್ಲಿ ಕೆಲವರಿಗೆ ಅದೇ ಜಾಗದ ಹತ್ತಿರ ಒಂದಕ್ಷರ ಬೇರೆ. ಚಾವಿ ಕೂರುವುದಿಲ್ಲ, ವಾಲ್ ಮುಚ್ಚುವುದಿಲ್ಲ. ಆ ಒಂದಕ್ಷರವನ್ನು ದೋಷ ಅನ್ನಬೇಕೋ ಪುಣ್ಯ ಅನ್ನಬೇಕೋ ನೀವೇ ಹೇಳಿ.

ಹಾಗಾದರೆ ಬಿಸಿಎಲ್11ಎ ಜೀನನ್ನೇ ಕಿತ್ತುಹಾಕಿದರೆ ಆಯಿತಲ್ಲ? ಆಗುವುದಿಲ್ಲ. ಅದಕ್ಕೆ ಮೆದುಳಿನಲ್ಲಿ ಬೇರೆ ಕೆಲಸ ಇದೆ, ರೋಗ ತಡೆಯುವ ಬಿಳಿಕಣಗಳು ಬೆಳೆಯಲೂ ಅದು ಬೇಕು. ನಮ್ಮ ಓಣಿಗೆ ನೀರು ಬರಲಿ ಅಂತ ಊರಿನ ನೀರು ಬಿಡುವವನ ಕೈ ಮುರಿಯಲಾಗುತ್ತದೆಯೇ? 2013ರಲ್ಲಿ ದಾರಿ ಕಂಡಿತು. ಆ ಜೀನಿನ ಒಳಗೇ ಒಂದು ಸಣ್ಣ ತುಣುಕು ಇದೆ. ಕೆಂಪುಕಣ ತಯಾರಾಗುವ ಕೋಶದಲ್ಲಿ ಮಾತ್ರ ಬಿಸಿಎಲ್11ಎಯನ್ನು ಕೆಲಸಕ್ಕೆ ಕರೆಯುವ ಕರೆಗಂಟೆ ಅದು. ಆ ಗಂಟೆ ಒತ್ತುವವರು ಯಾರು ಗೊತ್ತಾ? ನಮ್ಮ ಹಿರಿಯ ಗಾಟಾ-1. ಅದು ಕೂರುವ ಅದೇ ಜಿ-ಎ-ಟಿ-ಎ ಅಕ್ಷರಗಳು ಅಲ್ಲಿವೆ.

ನಿಮ್ಮ ಲೇಖನದ ಚಿಕಿತ್ಸೆ ಮಾಡುವುದು ಇಷ್ಟೇ. ರೋಗಿಯ ರಕ್ತ ಹುಟ್ಟಿಸುವ ಮೂಲಕೋಶಗಳನ್ನು ಹೊರಗೆ ತೆಗೆಯುತ್ತಾರೆ. ಕ್ರಿಸ್ಪರ್ ಅನ್ನುವ ಕತ್ತರಿಯಿಂದ (ಅದಕ್ಕೆ 2020ರಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ನೊಬೆಲ್ ಬಂತು, ನೀವು ಅದನ್ನು ಬರೆದದ್ದು ಚೆನ್ನಾಗಿತ್ತು) ಆ ಗಾಟಾ-1 ಕೂರುವ ಜಾಗದಲ್ಲಿ ಒಂದು ಗೀರು ಹಾಕುತ್ತಾರೆ. ಕೋಶ ಆ ಗೀರನ್ನು ಅಡ್ಡಾದಿಡ್ಡಿ ಹೊಲಿದುಕೊಳ್ಳುತ್ತದೆ, ಅಕ್ಷರ ಕೆಡುತ್ತದೆ. ಆ ಕೋಶಗಳನ್ನು ಮತ್ತೆ ರೋಗಿಯ ಮೈಗೇ ಹಾಕುತ್ತಾರೆ. ಗಾಟಾ-1 ಬಂದರೂ ಅಲ್ಲಿ ಕೂರುವುದಿಲ್ಲ. ಗಂಟೆ ಬಾರಿಸುವುದಿಲ್ಲ. ಬಿಸಿಎಲ್11ಎ ಕೆಂಪುಕಣದ ಮನೆಗೆ ಹೆಚ್ಚು ಬರುವುದಿಲ್ಲ. ಗಾಮಾದ ವಾಲ್ ತೆರೆಯುತ್ತದೆ. ಒಡೆದ ಬೀಟಾ ಪೈಪು ಒಡೆದೇ ಇರುತ್ತದೆ, ಆದರೆ ಮನೆಗೆ ನೀರು ಬರುತ್ತದೆ. ಪ್ರಯೋಗದಲ್ಲಿ ಇದನ್ನು ಪಡೆದ ಥಲಸ್ಸೇಮಿಯಾ ರೋಗಿಗಳಲ್ಲಿ ಹೆಚ್ಚಿನವರು ರಕ್ತ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿದ್ದಾರೆ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಸಿಕಲ್ ಸೆಲ್‌ಗೆ ಅಮೆರಿಕ, 2024ರ ಜನವರಿಯಲ್ಲಿ ಥಲಸ್ಸೇಮಿಯಾಕ್ಕೂ ಅಮೆರಿಕ ಒಪ್ಪಿಗೆ ಕೊಟ್ಟವು. ಅದೂ ಆಗ 12 ವರ್ಷ ತುಂಬಿದವರಿಗೆ ಮಾತ್ರ.

ಒಳ್ಳೆಯ ಬೀಟಾ ಜೀನನ್ನು ಹೊರಗಿನಿಂದ ಸೇರಿಸುವ ಇನ್ನೊಂದು ಚಿಕಿತ್ಸೆಯೂ ಅಮೆರಿಕದಲ್ಲಿ ಇದೆ, ನಿಜ. ಅದರಲ್ಲೂ ಕೆಟ್ಟದ್ದನ್ನು ತೆಗೆಯುವುದಿಲ್ಲ. ನೀವು ಹೆಸರು ಹಾಕಿ ಬರೆದದ್ದು ಕ್ಯಾಸ್‌ಜೆವಿ ಬಗ್ಗೆ, ಅದು ಮೇಲೆ ಹೇಳಿದ ಗೀರಿನದು.

ಇನ್ನು ನೀವು ಬರೆಯದೇ ಬಿಟ್ಟದ್ದು. ಬದಲಿಸಿದ ಕೋಶಗಳಿಗೆ ಜಾಗ ಮಾಡಲು ಮೊದಲು ರೋಗಿಯ ಹಳೆಯ ಮಜ್ಜೆಯನ್ನು ಜೋರಾದ ಕೀಮೊ ಕೊಟ್ಟು ಸುಡಬೇಕು. ವಾರಗಟ್ಟಲೆ ಆಸ್ಪತ್ರೆ. ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿಯಾಗಬಹುದು. ಮಕ್ಕಳಾದರೂ ಅವರಿಗೆ ದಾಟುವುದು ಹಳೆಯ ಒಡೆದ ಬೀಟಾ ಜೀನೇ. ಬದಲಾದದ್ದು ಮಜ್ಜೆ ಮಾತ್ರ. ಅಮೆರಿಕದಲ್ಲಿ 2023ರಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್, ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ದೆಹಲಿಯ ಐಜಿಐಬಿ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಸಿಕಲ್ ಸೆಲ್‌ಗೆ ನಮ್ಮದೇ ಕತ್ತರಿ ಸಿದ್ಧ ಮಾಡುತ್ತಿದ್ದಾರೆ, ಬೆಲೆ ಇಳಿಯಲಿ ಅಂತ ನನಗೂ ಆಸೆ ಇದೆ. ಆದರೆ ಹಾಲಿನಾಕೆಯ ಎರಡು ಎಕರೆ ಇವತ್ತಿನ ಪ್ರಶ್ನೆ.

18 ಕೋಟಿ ಅಂದಾಗ ಅವಳು ನಗಲೂ ಇಲ್ಲ, ಅಳಲೂ ಇಲ್ಲ. “ಹಂಗಾರ ಹೊಲ ಉಳೀತು ಬಿಡ್ರಿ” ಅಂದಳು.

ಹುಡುಗನಿಗೆ ದಾರಿಯೇ ಇಲ್ಲ ಅಂತಲ್ಲ. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಮಜ್ಜೆ ಕಸಿ ಮಾಡಿಸಬಹುದು. ಅದಕ್ಕೆ ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ಕೊಡುವ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆ 2017ರಿಂದ ಇದೆ. ಥಲಸ್ಸೇಮಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಇದೆ. ಇವೆರಡನ್ನು ಬಾಕ್ಸ್ ಮಾಡಿ ಹಾಕಿದ್ದರೆ ಎಷ್ಟು ಮನೆಗೆ ಉಪಯೋಗವಾಗುತ್ತಿತ್ತು!

ಅದಕ್ಕಿಂತ ಅಗ್ಗದ್ದು ಇನ್ನೊಂದಿದೆ. ಅದು ನನ್ನ ಕಸುಬಿನದು, ಸ್ವಲ್ಪ ಜೋರಾಗಿ ಹೇಳುತ್ತೇನೆ.

ಹಾಲಿನಾಕೆಗೆ ಮೊದಲಿನಿಂದಲೂ ಸುಸ್ತು. ಹಿಮೋಗ್ಲೋಬಿನ್ 10.4. ‘ರಕ್ತ ಕಡಿಮೆ’ ಅಂತ ಎಲ್ಲೋ ಎರಡು ವರ್ಷ ಕಬ್ಬಿಣದ ಗುಳಿಗೆ ನುಂಗಿಸಿದ್ದರು. ಒಂದು ಬಿಂದುವೂ ಏರಲಿಲ್ಲ. ಅವಳ ಹಳೆಯ ರಿಪೋರ್ಟ್ ತರಿಸಿ ನೋಡಿದೆ. ಕೆಂಪುಕಣದ ಗಾತ್ರ, ಅಂದರೆ ಎಂಸಿವಿ, 62. ಕಣಗಳ ಎಣಿಕೆ 5.8. ಕಬ್ಬಿಣ ಕಡಿಮೆಯಾದವರಲ್ಲಿ ಕಣ ಸಣ್ಣದಾಗುತ್ತದೆ, ಎಣಿಕೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಇವಳಲ್ಲಿ ಕಣ ಸಣ್ಣದು, ಎಣಿಕೆ ಜಾಸ್ತಿ. ಗಾತ್ರವನ್ನು ಎಣಿಕೆಯಿಂದ ಭಾಗಿಸಿ, 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ಕ್ಯಾರಿಯರ್ ಇರಬಹುದು ಅಂತ ಅನುಮಾನ ಪಡಬೇಕು. ಮೆಂಟ್ಜರ್ ಲೆಕ್ಕ ಅನ್ನುತ್ತೇವೆ, ಪೆನ್ನೂ ಬೇಡ. ಇವಳದು ಹನ್ನೊಂದೂ ಆಗುವುದಿಲ್ಲ. ರಿಪೋರ್ಟ್ ಕೊಟ್ಟವರು, ಗುಳಿಗೆ ಬರೆದವರು ಯಾರೂ ಭಾಗಿಸಲಿಲ್ಲ. ಹೋದ ವರ್ಷ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿದೆವು. ಎಚ್‌ಬಿಎ2 ಅನ್ನುವ ಒಂದು ಬಗೆ ನೂರಕ್ಕೆ 5.2 ಬಂತು. 3.5 ದಾಟಿದರೆ ಕ್ಯಾರಿಯರ್ ಅಂತ ಲೆಕ್ಕ. ಒಂದು ಚೀಲ ಹಿಂಡಿಯ ದುಡ್ಡಿನಲ್ಲಿ ಆಗುವ ಪರೀಕ್ಷೆ.

ಕ್ಯಾರಿಯರ್ ಅಂದರೆ ರೋಗಿ ಅಲ್ಲ. ಅವರಿಗೆ ಒಂದು ಪೈಪು ಒಡೆದಿದೆ, ಇನ್ನೊಂದು ಸರಿ ಇದೆ, ಜೀವನ ನಡೆಯುತ್ತದೆ. ಅವಳು ಎಮ್ಮೆ ಕರೆಯುತ್ತಾಳೆ, ಹೊಲ ಮಾಡುತ್ತಾಳೆ, ನನಗಿಂತ ಗಟ್ಟಿ. ತೊಂದರೆ ಬರುವುದು ಇಬ್ಬರು ಕ್ಯಾರಿಯರ್‌ಗಳು ಮದುವೆಯಾದಾಗ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಎರಡೂ ಒಡೆದ ಪೈಪು ಬರುವ ಸಾಧ್ಯತೆ. ಬಳಗದಲ್ಲೇ ಕೊಟ್ಟು ತಂದರೆ ಇಬ್ಬರಿಗೂ ಒಂದೇ ಅಜ್ಜನಿಂದಲೋ ಅಜ್ಜಿಯಿಂದಲೋ ಅದೇ ಒಡಕು ಬಂದಿರುವ ಅವಕಾಶ ಹೆಚ್ಚು.

ಇಲ್ಲಿ ‘ಕೆಟ್ಟ’ ಅನ್ನುವ ನಿಮ್ಮ ಶಬ್ದಕ್ಕೇ ನನ್ನ ತಕರಾರು. ಕೆಲವರಲ್ಲಿ ಬೀಟಾ ಜೀನಿನ ಒಂದಕ್ಷರವೂ ತಪ್ಪಿರುವುದಿಲ್ಲ. ಅದು ಶುರುವಾಗುವ 87, 88 ಅಕ್ಷರ ಮೊದಲು ಕೆಎಲ್‌ಎಫ್1 ಅನ್ನುವ ಇನ್ನೊಂದು ಸಣ್ಣ ಪ್ರೋಟೀನ್ ಕೂತು ವಾಲ್ ತೆರೆಯುವ ಜಾಗ ಇದೆ. ಅಲ್ಲಿ ಒಂದಕ್ಷರ ಬೇರೆ ಇದ್ದರೆ ಸಾಕು, ನೀರು ಸಣ್ಣಗೆ ಬರುತ್ತದೆ, ಅದೂ ಥಲಸ್ಸೇಮಿಯಾವೇ. ಪೈಪು ಗಟ್ಟಿ, ನೀರು ಶುದ್ಧ, ಚಾವಿ ಮಾತ್ರ ಸರಿಯಾಗಿ ಕೂರುತ್ತಿಲ್ಲ. ಇದರಲ್ಲಿ ಯಾರ ಮನೆತನ ಕೆಟ್ಟದ್ದು? ನಮ್ಮ ಭಾಷೆಯಲ್ಲಿ ‘ಕೆಟ್ಟ ರಕ್ತ’ ಅಂದರೆ ಏನೇನು ಅರ್ಥ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಭಯಕ್ಕೇ ಜನ ಪರೀಕ್ಷೆಗೆ ಬರುವುದಿಲ್ಲ. ಹೆಣ್ಣಿನ ಕಡೆಯವರಂತೂ ರಿಪೋರ್ಟ್ ಮುಚ್ಚಿಡುತ್ತಾರೆ. ಲ್ಯಾಬಿನ ಕಿಟಕಿಯಲ್ಲಿ ನನ್ನ ಕೈ ಹಿಡಿದು “ಇದನ್ನ ಯಾರಿಗೂ ಹೇಳಬ್ಯಾಡ್ರಿ ಬಾಯಾರ” ಅಂದ ತಾಯಂದಿರು ಎಷ್ಟೋ ಜನ.

ಅದಕ್ಕೆ ನನ್ನ ಕೇಳಿಕೆ. ಮುಂದಿನ ಭಾನುವಾರ ಅದೇ ಪುಟದಲ್ಲಿ, ಅದೇ ಬಾಕ್ಸಿನಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಇರುವೆ ಸಾಲಿನಂತೆ ಹಾಕಬೇಡಿ. ಇಷ್ಟು ಬರೆದರೆ ಸಾಕು: ‘ಈ ಚಿಕಿತ್ಸೆ ರೋಗದ ಜೀನನ್ನು ತೆಗೆಯುವುದಿಲ್ಲ. ಹುಟ್ಟಿದ ಮೇಲೆ ಮುಚ್ಚಿಹೋಗಿದ್ದ ಕೂಸಿನ ಹಿಮೋಗ್ಲೋಬಿನ್ ಜೀನನ್ನು ಮತ್ತೆ ತೆರೆಯುತ್ತದೆ. ಮದುವೆಗೆ ಮುಂಚೆ ಎಚ್‌ಬಿಎ2 ಪರೀಕ್ಷೆ ಮಾಡಿಸಿ.’ ಹಾಲಿನಾಕೆ ಅದನ್ನೂ ಕತ್ತರಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ, ನನಗೆ ಗೊತ್ತು.

ಅವಳ ಸಣ್ಣ ಮಗಳಿಗೆ ಗಂಡು ನೋಡುತ್ತಿದ್ದಾರೆ. ಮತ್ತೆ ಬಳಗದಲ್ಲೇ, ಹೆಬ್ಬಳ್ಳಿ ಕಡೆ. ಮಂಗಳವಾರ ಆ ಹುಡುಗಿಯನ್ನು ನಾನೇ ಕರೆದುಕೊಂಡು ಹೋಗಿ ರಕ್ತ ಕೊಡಿಸಿ ಬಂದೆ. ಸೂಜಿ ಹಾಕಿದವನು ಹೊಸ ಹುಡುಗ, ಎರಡು ಸಲ ಚುಚ್ಚಿದ. ನಾನು ಸುಮ್ಮನಿದ್ದೆ. ಗಂಡಿನ ಕಡೆಯವರಿಗೆ ಹೇಗೆ ಕೇಳುವುದು ಅಂತ ತಾಯಿಗೆ ಚಿಂತೆ. “ನಮ್ಮ ಹುಡುಗೀದು ಮಾಡಿಸೇವಿ, ನಿಮ್ಮ ಹುಡುಗಂದೂ ಮಾಡಸ್ರಿ ಅನ್ನು” ಅಂದೆ. “ಸಿಟ್ಟಾದ್ರ?” ಅಂದಳು. “ಸಿಟ್ಟಾದ್ರ ನನ್ನ ಮನಿಗೆ ಕಳಸು” ಅಂದೆ.

ರಿಪೋರ್ಟ್ ಗುರುವಾರ ಬರುತ್ತದೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಮಾಳಮಡ್ಡಿ, ಧಾರವಾಡ